ಪೋಕರಿನಲ್ಲಿ ನಿಜವಾಗಿ ಲಾಭದಲ್ಲಿದ್ದೀರಾ? ಮೊದಲು ಮೀಟರ್ ನೋಡಿ

ದೂರು ಸಾಮಾನ್ಯವಾಗಿ ಹೀಗಿರುತ್ತದೆ: "ನಾನು ಚೆನ್ನಾಗೇ ಆಡ್ತೀನಿ, ವಾರದಲ್ಲಿ ಐದು ದಿನ ಗೆಲ್ತೀನಿ, ಆದರೆ ಬ್ಯಾಂಕಿನಲ್ಲಿ ಮಾತ್ರ ಏನೂ ಕಾಣಲ್ಲ." ಇನ್ನೊಂದು ಬಗೆಯದೂ ಇದೆ: "ಮೂರು ತಿಂಗಳಿಂದ ಗ್ರಾಫ್ ಮೇಲಕ್ಕೇ ಹೋಗ್ತಿದೆ, ಕೆಲಸ ಬಿಟ್ಟು ಇದನ್ನೇ ಮಾಡಲಾ?" ಎರಡೂ ಕಡೆ ಕೆಟ್ಟಿರುವುದು ಬಹುಪಾಲು ಒಂದೇ ಭಾಗ. ಅಳತೆ.

ನಮ್ಮ ಬೀದಿಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾರೆ. ಕರೆಂಟ್ ಬಿಲ್ ಜಾಸ್ತಿ ಬಂತು ಅಂದರೆ ಅವರು ಗೋಡೆ ಒಡೆಯಲು ಹೋಗುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಮೀಟರ್ ಆಗಲೂ ಓಡುತ್ತಿದೆಯಾ ಅಂತ ನೋಡುತ್ತಾರೆ. ಪೋಕರಿನಲ್ಲಿ ನಾವು ಮಾಡುವುದು ತದ್ವಿರುದ್ಧ. ಮೀಟರನ್ನು ಯಾರೂ ನೋಡುವುದಿಲ್ಲ, ನೇರ ಗೋಡೆ ಒಡೆಯುತ್ತೇವೆ. ಆ ಹ್ಯಾಂಡ್ (ಒಂದು ಸಲ ಎಲೆ ಹಂಚಿ ಆಡಿದ ಆಟ) ಹೀಗೆ ಆಡಬೇಕಿತ್ತು, ಈ ಕೋರ್ಸ್ ತಗೋಬೇಕಿತ್ತು, ಸೈಟೇ ಮೋಸ ಅಂತ.

ನಾನೂ ಒಡೆದವನೇ. 2019ರಿಂದ 2021ರವರೆಗೆ ಸಂಜೆ ಹೊತ್ತು ಆನ್‌ಲೈನಿನಲ್ಲಿ, ಆರು ಜನರ ಟೇಬಲಿನಲ್ಲಿ ನೋ-ಲಿಮಿಟ್ ಹೋಲ್ಡೆಮ್ ಎಂಬ ಬಗೆಯ ಪೋಕರ್ ಆಡುತ್ತಿದ್ದೆ. 2021ರ ಅಕ್ಟೋಬರ್ 5ರಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ನಿಷೇಧಿಸಿದ ಕರ್ನಾಟಕದ ಪೊಲೀಸ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು, ನಾನು ಆಡುತ್ತಿದ್ದ ಸೈಟ್ ನಮ್ಮ ರಾಜ್ಯಕ್ಕೆ ಬಾಗಿಲು ಹಾಕಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಕಾಯ್ದೆಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ನಡುವಿನ ನಾಲ್ಕು ತಿಂಗಳು ಕೈ ಖಾಲಿ. ಆಗ ಹಳೇ ಲೆಕ್ಕ ತೆಗೆದು ಕೂತೆ. ಕೆಳಗಿರುವ ಪರೀಕ್ಷೆಗಳು ಅಲ್ಲಿ ಕಲಿತವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟವನ್ನು ಇಡೀ ದೇಶದಲ್ಲಿ ನಿಷೇಧಿಸಿದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ಅದರಲ್ಲಿಲ್ಲ. ಹಾಗಾಗಿ ಊರಲ್ಲಿರುವವರಿಗೆ ಇದು ಹಳೇ ಫೈಲ್ ತೆಗೆದು ನೋಡುವ ಕೆಲಸ. ಒಂಟಾರಿಯೋ, ನ್ಯೂಜೆರ್ಸಿ, ಇಂಗ್ಲೆಂಡಿನಂಥ ಕಡೆ ಲೈಸೆನ್ಸ್ ಇರುವ ಸೈಟಿನಲ್ಲಿ ಆಡುವ ನಮ್ಮವರಿಗೆ ಈಗಲೂ ನಡೆಯುವ ಲೆಕ್ಕ. ಊರಲ್ಲೇ ಕೂತು ವಿಪಿಎನ್ ಹಾಕಿ ಯಾವುದೋ ದ್ವೀಪದ ಸೈಟಿನಲ್ಲಿ ಆಡುವವರು ಲಾಭದ ಲೆಕ್ಕಕ್ಕೆ ಮೊದಲು, ಗೆದ್ದ ದುಡ್ಡು ಹೊರಗೆ ಬರುತ್ತದಾ ಅಂತ ಕೇಳಿಕೊಳ್ಳಲಿ.

ಮೊದಲ ಪರೀಕ್ಷೆ: ಬ್ಯಾಂಕ್ ಏನು ಹೇಳುತ್ತದೆ?

ಸಾಫ್ಟ್‌ವೇರ್ ಬೇಡ, ಗ್ರಾಫ್ ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ, ಯುಪಿಐ ಮತ್ತು ವ್ಯಾಲೆಟ್ ಚರಿತ್ರೆಯೂ ಇರಲಿ. ಸೈಟಿಗೆ ಹೋದದ್ದು ಒಂದು ಕಡೆ, ಸೈಟಿನಿಂದ ಬಂದದ್ದು ಇನ್ನೊಂದು ಕಡೆ ಬರೆಯಿರಿ. ಈಗ ಅಕೌಂಟಿನಲ್ಲಿ ತೆಗೆಯಬಹುದಾದ ದುಡ್ಡು ಎಷ್ಟಿದೆಯೋ ಅದನ್ನು ಬಂದದ್ದಕ್ಕೆ ಸೇರಿಸಿ. ಬೋನಸ್ ಸೇರಿಸಬೇಡಿ, ಅದು ಇನ್ನೂ ನಿಮ್ಮದಲ್ಲ.

ನನ್ನ ಲೆಕ್ಕ: ಹಾಕಿದ್ದು 48,000 ರೂಪಾಯಿ, ತೆಗೆದದ್ದು 37,000, ಅಕೌಂಟಿನಲ್ಲಿದ್ದದ್ದು 1,200. ಒಟ್ಟು 9,800 ರೂಪಾಯಿ ನಷ್ಟ. ಎರಡು ವರ್ಷ ನಾನು ಗೆಳೆಯರಿಗೆ "ಅಷ್ಟೇನಿಲ್ಲ, ಸ್ವಲ್ಪ ಲಾಭದಲ್ಲಿದ್ದೀನಿ" ಅಂತ ಹೇಳಿಕೊಂಡು ತಿರುಗಿದ್ದೆ. ಸುಳ್ಳು ಹೇಳಿದ್ದಲ್ಲ, ಹಾಗೆಂದೇ ನಂಬಿದ್ದೆ. ತೆಗೆದ ದುಡ್ಡು ನೆನಪಿರುತ್ತದೆ, ಅದರಲ್ಲಿ ಹೆಡ್‌ಫೋನ್ ಕೊಂಡಿರುತ್ತೇವೆ. ರಾತ್ರಿ ಹನ್ನೊಂದೂವರೆಗೆ ಹಾಕಿದ ಐನೂರು ಯಾರಿಗೆ ನೆನಪಿರುತ್ತದೆ?

"ಹತ್ತರಲ್ಲಿ ಏಳು ದಿನ ಗೆಲ್ತೀನಿ" ಎಂಬ ಮಾತನ್ನೂ ಇಲ್ಲೇ ಪರೀಕ್ಷೆ ಮಾಡಿ. ಗೆದ್ದ ದಿನ 800 ರೂಪಾಯಿ ಆದ ಕೂಡಲೇ ಎದ್ದು ಹೋಗುವವನು, ಸೋತ ದಿನ ವಾಪಸ್ ಗಳಿಸಬೇಕು ಅಂತ ರಾತ್ರಿ ಎರಡರವರೆಗೆ ಕೂತು 2,500 ಕಳೆಯುತ್ತಾನೆ. ಏಳು ದಿನಕ್ಕೆ 5,600 ಬಂತು, ಮೂರು ದಿನಕ್ಕೆ 7,500 ಹೋಯಿತು. ಗೆದ್ದ ದಿನಗಳೇ ಜಾಸ್ತಿ, ಲೆಕ್ಕ ಮಾತ್ರ 1,900 ಕೆಳಗೆ. ದೀಪಾವಳಿಯ ಇಸ್ಪೀಟಿನಲ್ಲಿ ಬೇಗ ಎದ್ದು ಹೋಗುವ ಮಾವನ ಮೇಲೆ ಎಲ್ಲರಿಗೂ ಸಿಟ್ಟು ಇರುತ್ತದಲ್ಲ, ಅದೇ ಬುದ್ಧಿ ಇದು. ಒಂದೇ ವ್ಯತ್ಯಾಸ, ಮಾವ ಸೋತಾಗಲೂ ಬೇಗ ಏಳುತ್ತಾರೆ.

ಟ್ರ್ಯಾಕರ್ ಲಾಭ ಅನ್ನುತ್ತದೆ, ಬ್ಯಾಂಕ್ ನಷ್ಟ ಅನ್ನುತ್ತದೆ

ತುಂಬ ಜನರಿಗೆ ಬರುವ ದೋಷ ಇದು. ಪೋಕರ್‌ಟ್ರ್ಯಾಕರ್, ಹೋಲ್ಡೆಮ್ ಮ್ಯಾನೇಜರ್ ಥರದ ಸಾಫ್ಟ್‌ವೇರ್ ನೀವು ಗೆಲ್ಲುವ ವೇಗವನ್ನು 100 ಹ್ಯಾಂಡಿಗೆ ಎಷ್ಟು ಬಿಗ್ ಬ್ಲೈಂಡ್ ಗೆದ್ದಿರಿ ಎಂಬ ಲೆಕ್ಕದಲ್ಲಿ ತೋರಿಸುತ್ತದೆ. ಪ್ರತಿ ಹ್ಯಾಂಡಿನಲ್ಲಿ ಇಬ್ಬರು ಎಲೆ ನೋಡುವ ಮುಂಚೆಯೇ ಕಡ್ಡಾಯವಾಗಿ ಹಾಕುವ ದುಡ್ಡು ಬ್ಲೈಂಡ್, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಬಾಯಿಮಾತಿನಲ್ಲಿ ಬಿಬಿ ಅನ್ನುತ್ತೇವೆ. ನನ್ನದು 51,000 ಹ್ಯಾಂಡಿನ ಮೇಲೆ ನೂರಕ್ಕೆ ಪ್ಲಸ್ 3 ಬಿಬಿ ತೋರಿಸುತ್ತಿತ್ತು. ಚೆನ್ನಾಗಿದೆ ಅಲ್ವಾ? ಬ್ಲೈಂಡ್ ಮಟ್ಟದ ಪ್ರಕಾರ ಬಿಡಿಸಿದಾಗ ಕಥೆ ಬೇರೆ.

2/4 ಟೇಬಲಿನಲ್ಲಿ, ಅಂದರೆ ಸ್ಮಾಲ್ ಬ್ಲೈಂಡ್ 2, ಬಿಗ್ ಬ್ಲೈಂಡ್ 4 ರೂಪಾಯಿ ಇರುವ ಕಡೆ, 46,000 ಹ್ಯಾಂಡ್ ಆಡಿ, ನೂರಕ್ಕೆ 6 ಬಿಬಿ ಗೆದ್ದಿದ್ದೆ. ಅಲ್ಲಿ ಒಂದು ಬಿಬಿ ಅಂದರೆ 4 ರೂಪಾಯಿ. ಒಟ್ಟು 11,040 ರೂಪಾಯಿ. 5/10 ಟೇಬಲಿಗೆ ಆಗಾಗ ಹತ್ತಿ 5,000 ಹ್ಯಾಂಡ್ ಆಡಿದ್ದೆ. ಅಲ್ಲಿ ನೂರಕ್ಕೆ 25 ಬಿಬಿ ಸೋಲು. ಅಲ್ಲಿನ ಬಿಬಿ 10 ರೂಪಾಯಿ. ಹೋದದ್ದು 12,500. ಬಿಬಿ ಲೆಕ್ಕದಲ್ಲಿ ಕೂಡಿಸಿದರೆ ಲಾಭ, ರೂಪಾಯಿಯಲ್ಲಿ ಕೂಡಿಸಿದರೆ 1,460 ನಷ್ಟ. ಹತ್ತರಲ್ಲಿ ಒಂದು ಪಾಲೂ ಇಲ್ಲದ ಹ್ಯಾಂಡುಗಳು ಉಳಿದ ಅಷ್ಟನ್ನೂ ನುಂಗಿದ್ದವು.

ಇಷ್ಟಾದರೂ ಲೆಕ್ಕ ತಾಳೆಯಾಗಲಿಲ್ಲ. ಟ್ರ್ಯಾಕರ್ 1,460 ಅನ್ನುತ್ತದೆ, ಬ್ಯಾಂಕ್ 9,800 ಅನ್ನುತ್ತದೆ. ಉಳಿದ 8,340 ಎಲ್ಲಿ? ಎರಡು ದಿನ ಹುಡುಕಿದೆ. ಕೊನೆಗೆ ಸಿಕ್ಕಿತು. ಟ್ರ್ಯಾಕರಿಗೆ ಹ್ಯಾಂಡುಗಳ ದಾಖಲೆ ಹೋಗುತ್ತಿದ್ದದ್ದು ಲ್ಯಾಪ್‌ಟಾಪಿನಿಂದ ಮಾತ್ರ. ಹಾಸಿಗೆಯಲ್ಲಿ ಮಲಗಿ, ಮೆಟ್ರೋದಲ್ಲಿ ನಿಂತು, ಒಮ್ಮೆ ಸೋದರತ್ತೆ ಮಗಳ ಆರತಕ್ಷತೆಯಲ್ಲಿ ಊಟದ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ಆಡಿದ್ದು ಯಾವುದೂ ಅದರಲ್ಲಿ ಇರಲಿಲ್ಲ. ಅಂದರೆ ಟ್ರ್ಯಾಕರ್ ತೋರಿಸುತ್ತಿದ್ದದ್ದು ನನ್ನ ಒಳ್ಳೆಯ ಆಟವನ್ನು ಮಾತ್ರ. ಕೆಟ್ಟ ಆಟಕ್ಕೆ ಮೀಟರೇ ಇರಲಿಲ್ಲ.

ಹಾಗಾಗಿ ನಿಯಮ ಇದು. ಟ್ರ್ಯಾಕರಿನ ಮೊತ್ತಕ್ಕೂ ಬ್ಯಾಂಕಿನ ಮೊತ್ತಕ್ಕೂ ತಾಳೆಯಾಗುವವರೆಗೆ ಮುಂದಿನ ಯಾವ ಪರೀಕ್ಷೆಗೂ ಹೋಗಬೇಡಿ. ನೂರಿನ್ನೂರು ರೂಪಾಯಿ ಆಚೀಚೆ ಇದ್ದರೆ ಬಿಡಿ.

ತಾಳೆ ನೋಡುವಾಗ ಜನ ಎಡವುವ ಒಂದು ಜಾಗ ಇದೆ, ಅದು ರೇಕ್, ಅಂದರೆ ಟೇಬಲಿನ ದುಡ್ಡಿನಿಂದ ಸೈಟ್ ಕತ್ತರಿಸಿಕೊಳ್ಳುವ ಪಾಲು. ಟ್ರ್ಯಾಕರ್ ತೋರಿಸುವ ಗೆಲುವು ರೇಕ್ ಕಳೆದ ಮೇಲಿನದು. ಮತ್ತೊಮ್ಮೆ ಕಳೆಯಬೇಡಿ. ಆದರೆ ಸೈಟ್ ವಾಪಸ್ ಕೊಡುವ ರೇಕ್‌ಬ್ಯಾಕ್ ಅದರಲ್ಲಿ ಸೇರಿರುವುದಿಲ್ಲ, ಅದನ್ನು ನೀವೇ ಕೂಡಿಸಬೇಕು. ಕೂಡಿಸಿದಾಗ ಕೆಲವರಿಗೆ ಬೇರೆಯದೇ ಸತ್ಯ ಕಾಣುತ್ತದೆ. ಟೇಬಲಿನಲ್ಲಿ ನೂರಕ್ಕೆ 1 ಬಿಬಿ ಸೋಲುವವನು 8 ಬಿಬಿ ರೇಕ್ ಕಟ್ಟುತ್ತಿದ್ದು, ಅದರ 30 ಶೇಕಡಾ ವಾಪಸ್ ಬಂದರೆ 2.4 ಸೇರಿ ಪ್ಲಸ್ 1.4 ಆಗುತ್ತಾನೆ. ಲಾಭ ನಿಜ. ಆದರೆ ಅದರ ಸ್ವಿಚ್ ಇರುವುದು ಸೈಟಿನ ಕೈಯಲ್ಲಿ. ಪೋಕರ್‌ಸ್ಟಾರ್ಸ್ ಸೈಟ್ 2016ರಿಂದ ತುಂಬ ಆಡುವವರ, ಅಂದರೆ ಸೂಪರ್‌ನೋವಾ ಮಟ್ಟದ, ಆಟಗಾರರ ಸವಲತ್ತು ಕತ್ತರಿಸಿದಾಗ ಇಂಥ ಎಷ್ಟೋ ಜನರ ಆದಾಯ ರಾತ್ರೋರಾತ್ರಿ ಕುಸಿಯಿತು. ಪ್ರತಿಭಟನೆ ಅಂತ ಟೇಬಲಿನಲ್ಲಿ ಕೂತು ಆಡದೆ ಬಿಟ್ಟವರೂ ಇದ್ದರು.

ಲೆಕ್ಕ ಸರಿ ಇದೆ, ಲಾಭವೂ ಇದೆ. ಸಾಕಾ?

ಸಾಲದು. ಎಷ್ಟು ಹ್ಯಾಂಡಿನ ಮೇಲೆ ಬಂದ ಲಾಭ ಅದು?

ಆರು ಜನರ ನೋ-ಲಿಮಿಟ್ ಆಟದಲ್ಲಿ ಫಲಿತಾಂಶದ ಏರಿಳಿತ 100 ಹ್ಯಾಂಡಿಗೆ ಸುಮಾರು 80ರಿಂದ 100 ಬಿಬಿ ಇರುತ್ತದೆ. ಟ್ರ್ಯಾಕರಿನಲ್ಲಿ ಇದು ಸ್ಟ್ಯಾಂಡರ್ಡ್ ಡೀವಿಯೇಷನ್ ಎಂಬ ಕಾಲಮ್. 90 ಅಂತ ಇಟ್ಟುಕೊಳ್ಳೋಣ. ನಿಮ್ಮ ಒಟ್ಟು ಹ್ಯಾಂಡನ್ನು 100ರಿಂದ ಭಾಗಿಸಿ, ಅದರ ವರ್ಗಮೂಲ ತೆಗೆದು, 90ನ್ನು ಅದರಿಂದ ಭಾಗಿಸಿ. ಬಂದ ಉತ್ತರವನ್ನು ಎರಡು ಪಟ್ಟು ಮಾಡಿ. ನಿಮ್ಮ ನಿಜವಾದ ವೇಗ ಟ್ರ್ಯಾಕರ್ ತೋರಿಸಿದ ಅಂಕಿಯಿಂದ ಅಷ್ಟು ಮೇಲೆ ಇರಬಹುದು, ಅಷ್ಟು ಕೆಳಗೂ ಇರಬಹುದು. ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಈ ಅಂತರದ ಒಳಗೇ ಸಿಗುತ್ತದೆ.

10,000 ಹ್ಯಾಂಡಿಗೆ ಈ ಅಂತರ 18 ಬಿಬಿ. 50,000ಕ್ಕೆ ಸುಮಾರು 8. ಒಂದು ಲಕ್ಷಕ್ಕೆ 5.7. ಹತ್ತು ಲಕ್ಷಕ್ಕೆ 1.8.

ಈ ಅಂಕಿಗಳನ್ನು ಇನ್ನೊಮ್ಮೆ ಓದಿ. 10,000 ಹ್ಯಾಂಡಿನಲ್ಲಿ ನೂರಕ್ಕೆ ಪ್ಲಸ್ 10 ಬಿಬಿ ಬಂದಿದ್ದರೆ, ನಿಜದಲ್ಲಿ ನೀವು ಮೈನಸ್ 8 ಇರಬಹುದು, ಪ್ಲಸ್ 28 ಕೂಡ ಇರಬಹುದು. ಈ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ನನ್ನ 2/4 ಟೇಬಲಿನ 46,000 ಹ್ಯಾಂಡಿನ 6 ಬಿಬಿ ಇತ್ತಲ್ಲ, ಅಂತರ 8.4. ಅಂದರೆ ಮೈನಸ್ 2.4ರಿಂದ ಪ್ಲಸ್ 14.4ರವರೆಗೆ ಎಲ್ಲಿ ಬೇಕಾದರೂ. ನನ್ನ ಅತ್ಯುತ್ತಮ ದಾಖಲೆಯೂ ಸೊನ್ನೆಯನ್ನು ದಾಟಿಲ್ಲ. ಹಾಗೇ 5/10ರ 5,000 ಹ್ಯಾಂಡಿನ ಸೋಲೂ ನನ್ನ ದಡ್ಡತನಕ್ಕೆ ಪೂರ್ತಿ ಸಾಕ್ಷಿ ಅಲ್ಲ, ಅಲ್ಲಿ ಅಂತರ 25. ಇದರಿಂದ ಸ್ವಲ್ಪ ಸಮಾಧಾನ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಇದನ್ನೇ ತಿರುಗಿಸಿ ನೋಡಿ. ನಿಜದಲ್ಲಿ ನೂರಕ್ಕೆ 2 ಬಿಬಿ ಸೋಲುವ ಆಟಗಾರರು ತಲಾ 30,000 ಹ್ಯಾಂಡ್ ಆಡಿದರೆ, ಮೂವರಲ್ಲಿ ಒಬ್ಬ ಲಾಭದಲ್ಲಿರುತ್ತಾನೆ. "ಕೆಲಸ ಬಿಡಲಾ" ಅಂತ ಕೇಳುವವನು ಸಾಮಾನ್ಯವಾಗಿ ಆ ಮೂರನೆಯವನು. ನಿಜದಲ್ಲಿ 2.5 ಬಿಬಿ ಗೆಲ್ಲುವವರು ಒಂದು ಲಕ್ಷ ಹ್ಯಾಂಡ್ ಆಡಿದರೂ ಐವರಲ್ಲಿ ಒಬ್ಬರು ನಷ್ಟದಲ್ಲೇ ಇರುತ್ತಾರೆ. ಅವರು ಆಟ ಬಿಟ್ಟು ಹೋಗಿರುತ್ತಾರೆ, ಪಾಪ.

2019ರಲ್ಲಿ ಪ್ಲುರಿಬಸ್ ಎಂಬ ಪ್ರೋಗ್ರಾಂ ಐವರು ವೃತ್ತಿಪರರ ಜೊತೆ 10,000 ಹ್ಯಾಂಡ್ ಆಡಿ ಗೆದ್ದದ್ದು ದೊಡ್ಡ ಸುದ್ದಿಯಾಯಿತು. 10,000 ಹ್ಯಾಂಡ್ ಹೇಗೆ ಸಾಕಾಯಿತು ಅಂತ ಕೇಳಬಹುದು. ಸಾಕಾಗಲಿಲ್ಲ. ಅವರು ಅದೃಷ್ಟದ ಪಾಲನ್ನು ಆದಷ್ಟು ಕಳೆಯುವ ಐವಾಟ್ ಎಂಬ ಲೆಕ್ಕದ ವಿಧಾನ ಬಳಸಿದರು. ಆಮೇಲೂ ಸಿಕ್ಕಿದ್ದು ನೂರಕ್ಕೆ 4.8 ಬಿಬಿ, ಅದರ ಸ್ಟ್ಯಾಂಡರ್ಡ್ ಎರರ್ 2.5. ಆ ವಿಧಾನಕ್ಕೆ ಬೇಕಾದ ಪ್ರೋಗ್ರಾಂ ನಮ್ಮ ಹತ್ತಿರ ಇಲ್ಲ. ನಮಗಿರುವುದು ಒಂದೇ ದಾರಿ, ಹ್ಯಾಂಡುಗಳ ಸಂಖ್ಯೆ. ಒಂದು ಟೇಬಲಿನಲ್ಲಿ ಗಂಟೆಗೆ 75 ಹ್ಯಾಂಡ್ ಅಂತ ಹಿಡಿದರೆ, ನಾಲ್ಕು ಟೇಬಲ್ ಒಟ್ಟಿಗೆ ಆಡಿದರೂ ಒಂದು ಲಕ್ಷಕ್ಕೆ 330 ಗಂಟೆ ಬೇಕು.

ಟೂರ್ನಮೆಂಟ್ ಆಡುವವರಿಗೆ ಇನ್ನೂ ಕಷ್ಟ. ಸಾವಿರ ಜನರ ಟೂರ್ನಮೆಂಟಿನಲ್ಲಿ ದೊಡ್ಡ ದುಡ್ಡೆಲ್ಲ ಮೊದಲ ಮೂರು ನಾಲ್ಕು ಸ್ಥಾನಕ್ಕೆ ಹೋಗುವುದರಿಂದ ಏರಿಳಿತ ಒಂದು ಟೂರ್ನಮೆಂಟಿಗೆ ಏಳು ಬೈ-ಇನ್ (ಆಟಕ್ಕೆ ಕೂರಲು ಕಟ್ಟುವ ದುಡ್ಡು) ಸುತ್ತಮುತ್ತ ಬರುತ್ತದೆ. ಅಂಥ ಸಾವಿರ ಟೂರ್ನಮೆಂಟ್ ಆಡಿದ ಮೇಲೂ ನಿಮ್ಮ ಲಾಭದ ಶೇಕಡಾವಾರಿನಲ್ಲಿ 44ರಷ್ಟು ಆಚೀಚೆ ಇರುತ್ತದೆ. ಒಂದು ಮೊದಲ ಬಹುಮಾನ ತೆಗೆದುಬಿಟ್ಟು ಗ್ರಾಫ್ ನೋಡಿ. ಏನು ಉಳಿಯಿತು?

ಆಲ್-ಇನ್ ಗೆರೆ ನೋಡಿ ಅಳುವುದು

"ನನ್ನ ಇವಿ ಗೆರೆ ಮೇಲಿದೆ, ದುಡ್ಡಿನ ಗೆರೆ ಕೆಳಗಿದೆ, ಬರೀ ದುರದೃಷ್ಟ" ಎಂಬ ದೂರು ಸ್ವಲ್ಪ ಮಾತ್ರ ಸರಿ. ಇವಿ ಅಂದರೆ ಅದೃಷ್ಟ ಸಮವಾಗಿದ್ದರೆ ಸರಾಸರಿ ಬರಬೇಕಿದ್ದ ದುಡ್ಡು. ಆ ಗೆರೆ ಸರಿಪಡಿಸುವುದು ಕೊನೆ ಎಲೆ ಬೀಳುವ ಮುಂಚೆ ಎಲ್ಲ ದುಡ್ಡು ಒಳಗೆ ಹೋದ, ಅಂದರೆ ಆಲ್-ಇನ್ ಆದ, ಹ್ಯಾಂಡುಗಳನ್ನು ಮಾತ್ರ. ನಿಮಗೆ ಎರಡು ರಾಜ ಬಂದಾಗ ಎದುರಿನವನಿಗೆ ಎರಡು ಎಕ್ಕ ಬಂದದ್ದು ಅದರ ಕಣ್ಣಿಗೆ ದುರದೃಷ್ಟವೇ ಅಲ್ಲ. ನೂರರಲ್ಲಿ 82 ಸಲ ಸೋಲುವ ಜಾಗದಲ್ಲಿ ನೀವೇ ಹೋಗಿ ದುಡ್ಡು ಹಾಕಿದಿರಿ ಅಂತ ಬರೆದುಕೊಳ್ಳುತ್ತದೆ. ನೋಡುವುದಾದರೆ ನೋಡಿ, ಆದರೆ ತೀರ್ಪು ಅದರಿಂದ ಬೇಡ.

ಈಗ ಗೋಡೆ ಒಡೆಯಬಹುದು

ಲೆಕ್ಕ ತಾಳೆಯಾಗಿದೆ, ಹ್ಯಾಂಡ್ ಸಾಕಷ್ಟಿದೆ, ಆದರೂ ನಷ್ಟ ಅಥವಾ ಸೊನ್ನೆ. ಆಗ ಸೋರುವ ಜಾಗ ಹುಡುಕುವುದು.

ಕೂತ ಜಾಗದ ಪ್ರಕಾರ ಬಿಡಿಸಿ. ಬಿಗ್ ಬ್ಲೈಂಡಿನಲ್ಲಿ ಮೈನಸ್ ಕಂಡರೆ ಗಾಬರಿ ಬೇಡ, ಅಲ್ಲಿ ಎಲ್ಲರೂ ಸೋಲುತ್ತಾರೆ. ಎಲ್ಲ ಹ್ಯಾಂಡನ್ನೂ ಸುಮ್ನೆ ಎಸೆದರೆ ಬಿಗ್ ಬ್ಲೈಂಡಿನಲ್ಲಿ ನೂರಕ್ಕೆ 100 ಬಿಬಿ, ಸ್ಮಾಲ್ ಬ್ಲೈಂಡಿನಲ್ಲಿ 50 ಬಿಬಿ ಹೋಗುತ್ತದೆ. ಅದಕ್ಕಿಂತ ಎಷ್ಟು ಕಮ್ಮಿ ಸೋಲುತ್ತೀರಿ ಅನ್ನುವುದೇ ಅಲ್ಲಿನ ಗೆಲುವು. ಸ್ಮಾಲ್ ಬ್ಲೈಂಡಿನಲ್ಲಿ ನಿಮ್ಮ ಸೋಲು 50ರ ಹತ್ತಿರ ಬಂದಿದ್ದರೆ, ಅಲ್ಲಿ ಆಡಿದ್ದಕ್ಕಿಂತ ಎಲೆ ಕೆಳಗಿಟ್ಟಿದ್ದರೂ ಅಷ್ಟೇ ಆಗುತ್ತಿತ್ತು. ಎಲ್ಲರಿಗಿಂತ ಕೊನೆಗೆ ಆಡುವ ಅನುಕೂಲದ ಜಾಗವಾದ ಬಟನ್ ಮೇಲೆ ಕೂತೂ ಲಾಭ ಇಲ್ಲ ಅಂದರೆ ದೊಡ್ಡ ದೋಷ, ಮೊದಲು ಅದನ್ನು ಹಿಡಿಯಿರಿ.

ಹೊತ್ತಿನ ಪ್ರಕಾರ ಬಿಡಿಸಿ. ಒಂದು ಕೂತದ್ದರಲ್ಲಿ ಮೊದಲ ಎರಡು ಗಂಟೆ ಬೇರೆ, ಆಮೇಲಿನದು ಬೇರೆ. ಮೂರು ಬೈ-ಇನ್ ಸೋತ ಮೇಲೆ ಆಡಿದ ಹ್ಯಾಂಡುಗಳನ್ನೂ ಬೇರೆ ತೆಗೆಯಿರಿ. ನನ್ನದರಲ್ಲಿ ರಾತ್ರಿ ಹನ್ನೆರಡರ ನಂತರದ ಆಟ ಬೇರೆ ಯಾರೋ ಆಡಿದ ಹಾಗಿತ್ತು. ಎಸೆಯಬೇಕಾದ ಎಲೆಗಳನ್ನೆಲ್ಲ ಹಿಡಿದು ಆಡಿದ್ದೆ. ಹ್ಯಾಂಡ್ ಕಮ್ಮಿ ಇರುವುದರಿಂದ ಗೆದ್ದ ಸೋತ ಅಂಕಿಯನ್ನು ಇಲ್ಲಿ ನಂಬಬೇಡಿ. ಎಷ್ಟು ಶೇಕಡಾ ಹ್ಯಾಂಡಿಗೆ ಸ್ವಇಚ್ಛೆಯಿಂದ ದುಡ್ಡು ಹಾಕಿದಿರಿ ಎಂಬ ಅಂಕಿ ನೋಡಿ. ಅದು ಕೆಲವೇ ಸಾವಿರ ಹ್ಯಾಂಡಿನಲ್ಲಿ ಸ್ಥಿರವಾಗುತ್ತದೆ. ನನ್ನದು ಸಂಜೆ 24 ಇದ್ದದ್ದು ನಡುರಾತ್ರಿ 37ಕ್ಕೆ ಹೋಗುತ್ತಿತ್ತು.

ಕಾಲದ ಪ್ರಕಾರವೂ ಬಿಡಿಸಿ. 25,000 ಹ್ಯಾಂಡಿನ ತುಂಡುಗಳಾಗಿ ಕತ್ತರಿಸಿ ಪಕ್ಕಪಕ್ಕ ಇಡಿ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತು ಬೇಜಾರಾದ ಹೊಸಬರು ಟೇಬಲಿಗೆ ದಂಡಿಯಾಗಿ ಬಂದಿದ್ದರು. ಆ ತಿಂಗಳುಗಳ ಗೆಲುವನ್ನು ಇವತ್ತಿನ ನಿಮ್ಮ ಮಟ್ಟ ಅಂತ ತಿಳಿದರೆ ಮಳೆಗಾಲದ ಬಾವಿ ನೋಡಿ ಬೇಸಿಗೆಯ ಬೆಳೆ ಇಟ್ಟ ಹಾಗೆ. ಎದುರಾಳಿಗಳ ಪ್ರಕಾರವೂ ಒಮ್ಮೆ ನೋಡಿ. ನಿಮ್ಮ ಲಾಭದ ಅರ್ಧ ಒಬ್ಬನೇ ಆಟಗಾರನಿಂದ ಬಂದಿದ್ದರೆ ಅದು ಕಳ್ಳ ದುಡ್ಡೇನಲ್ಲ, ಒಳ್ಳೆಯ ಟೇಬಲ್ ಹುಡುಕುವುದೂ ಒಂದು ಕಲೆ. ಆದರೆ ಅವನು ಮದುವೆಯಾಗಿ ಆಟ ಬಿಟ್ಟ ದಿನ ನಿಮ್ಮ ಆದಾಯವೂ ನಿಲ್ಲುತ್ತದೆ.

ತೆರಿಗೆ ಕಟ್ಟಿದ ಮೇಲೆ

ಇದನ್ನು ಎಲ್ಲರೂ ಕೊನೆಗೆ ನೋಡುತ್ತಾರೆ, ಆಗ ತಡವಾಗಿರುತ್ತದೆ. 2023ರ ಏಪ್ರಿಲ್‌ನಿಂದ ಭಾರತದಲ್ಲಿ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ 30 ಶೇಕಡಾ ತೆರಿಗೆ, ಮೇಲೆ ಸೆಸ್. ಸೈಟೇ ಅದನ್ನು ಟಿಡಿಎಸ್ ಆಗಿ ಹಿಡಿಯುತ್ತಿತ್ತು, ತನ್ನ ಅಕೌಂಟಿನ ಗೆಲುವು ಮಾತ್ರ ನೋಡಿ. ಇನ್ನೊಂದು ಸೈಟಿನಲ್ಲಿ ನೀವು ಸೋತದ್ದು ಅದಕ್ಕೆ ಕಾಣುತ್ತಿರಲಿಲ್ಲ. 2023ರ ಅಕ್ಟೋಬರ್ 1ರಿಂದ ಹಾಕಿದ ಪೂರ್ತಿ ದುಡ್ಡಿನ ಮೇಲೆ 28 ಶೇಕಡಾ ಜಿಎಸ್‌ಟಿ ಬಂತು. ನೂರು ಹಾಕಿದರೆ ಆಟಕ್ಕೆ ಸಿಗುವುದು ಸುಮಾರು 78. ಉಳಿದದ್ದನ್ನು ಹಲವು ಸೈಟುಗಳು ಬೋನಸ್ ರೂಪದಲ್ಲಿ ತುಂಬಿಕೊಟ್ಟವು. ಆ ಕಾಲದ ಫೈಲ್ ನೋಡುವವರು ಈ ಬೋನಸ್ಸನ್ನು ಗೆಲುವು ಅಂತ ಎಣಿಸಿದ್ದೀರಾ ಅಂತ ಮತ್ತೊಮ್ಮೆ ಪರೀಕ್ಷೆ ಮಾಡಿ. ನಾನು ನೋಡಿಕೊಟ್ಟ ಒಬ್ಬ ಗೆಳೆಯನ ಲೆಕ್ಕದಲ್ಲಿ ಇಡೀ ಲಾಭ ಇದೇ ಆಗಿತ್ತು.

ಇಂಗ್ಲೆಂಡಿನಲ್ಲಿ ಆಟಗಾರನ ಗೆಲುವಿಗೆ ತೆರಿಗೆ ಇಲ್ಲ, ಅಲ್ಲಿರುವವರು ಪುಣ್ಯವಂತರು. ಅಮೆರಿಕದಲ್ಲಿ 2025ರ ಜುಲೈನಲ್ಲಿ ಸಹಿಯಾದ ಕಾಯ್ದೆ ಪ್ರಕಾರ 2026ರಿಂದ ಸೋಲಿನ 90 ಶೇಕಡಾ ಮಾತ್ರ ಕಳೆಯಬಹುದು. ವರ್ಷದಲ್ಲಿ ಒಂದು ಲಕ್ಷ ಡಾಲರ್ ಗೆದ್ದು ಒಂದು ಲಕ್ಷ ಸೋತವನಿಗೆ 10,000 ಡಾಲರ್ ಆದಾಯ ಇದೆ ಅಂತ ತೆರಿಗೆ ಬೀಳುತ್ತದೆ. ನ್ಯೂಜೆರ್ಸಿಯ ಗೆಳೆಯರು ಸಣ್ಣ ಲಾಭವನ್ನು ಲಾಭ ಅನ್ನುವ ಮುಂಚೆ ಈ ಸಾಲನ್ನು ಲೆಕ್ಕದಲ್ಲಿ ಸೇರಿಸಲೇಬೇಕು.

ರಿಪೇರಿ ಆದ ಮೇಲೆ

ಸೋರುವ ಜಾಗ ಸಿಕ್ಕಿ ಆಟ ಬದಲಾಯಿಸಿದಿರಿ ಅನ್ನಿ. ಆ ದಿನಾಂಕ ಬರೆದಿಟ್ಟುಕೊಳ್ಳಿ, ಎಣಿಕೆಯನ್ನು ಅಲ್ಲಿಂದ ಹೊಸದಾಗಿ ಶುರು ಮಾಡಿ. ಹಳೆಯ ನಷ್ಟವನ್ನು ಅಳಿಸಬೇಡಿ, ಹೊಸ ಲಾಭದ ಜೊತೆ ಬೆರೆಸಲೂ ಬೇಡಿ. ಎರಡು ಮೀಟರ್, ಎರಡು ರೀಡಿಂಗ್. ಫೋನಿನಲ್ಲಿ ಆಡುವುದಾದರೆ ಎದ್ದ ಕೂಡಲೇ ಎಷ್ಟಿತ್ತು ಎಷ್ಟಾಯಿತು ಅಂತ ಒಂದು ಸಾಲು ಬರೆಯಿರಿ, ಮರುದಿನಕ್ಕೆ ಬಿಡಬೇಡಿ.

ಮೇಲಿನ ಎಲ್ಲ ಮುಗಿಸಿ ಉತ್ತರ ಸೊನ್ನೆಯ ಎರಡೂ ಕಡೆ ಚಾಚಿಕೊಂಡಿದ್ದರೆ ಫೈಲಿನಲ್ಲಿ "ಗೊತ್ತಿಲ್ಲ" ಅಂತ ಬರೆಯಿರಿ. ನನ್ನ ಫೈಲಿನಲ್ಲಿ 2/4ರ ಎದುರು ಇವತ್ತಿಗೂ ಅದೇ ಇದೆ. ಮೊಬೈಲಿನ ಎದುರು ಮಾತ್ರ "ಸೋಲು" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.